ಗಡಗಡ ಎನ್ನುವ ಪಾನ

ತರೀಕೆರೆಯಿಂದ ಹೊರಟು ಲಿಂಗದಹಳ್ಳಿ ದಾಟಿ, ಕಲ್ಲತ್ತಿಗಿರಿಯ ಏರು ಶುರುವಾಯಿತೆಂದರೆ ಹಳೇ ಜೀಪಿನಲ್ಲಿ ಕೂತವರ ಕಿವಿಗೆ ಮೊದಲು ಬೀಳುವುದು ಇಂಜಿನ್ ಸದ್ದಲ್ಲ. ಹಿಂದೆಲ್ಲೋ ಸೀಟಿನ ಬುಡದಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗುವ ಗಡಗಡ. ಒಂದು ತಿರುವಿಗೆ ಅದು ಬಲಕ್ಕೆ ಸರಿದು ಠಣ್ ಎನ್ನುತ್ತದೆ, ಮುಂದಿನ ತಿರುವಿಗೆ ಎಡಕ್ಕೆ ಬಂದು ಇನ್ನೊಮ್ಮೆ ಠಣ್. ಏನದು ಎಂದು ಕೇಳಿದರೆ ಚಾಲಕ ಹಿಂತಿರುಗಿ ಕೂಡ ನೋಡುವುದಿಲ್ಲ. "ಏನಿಲ್ಲ ಬಿಡಿ, ಜಾಕು."

ಆ 'ಏನಿಲ್ಲ'ದ ತೂಕ ಐದು ಕಿಲೋ. ಅದರ ಪಕ್ಕದಲ್ಲಿ ಚಕ್ರ ಬಿಚ್ಚುವ ಪಾನ, ಅರ್ಧ ತುಂಡಾದ ಹಾರೆ, ಒಂದು ಮಚ್ಚು, ಎರಡು ಸ್ಕ್ರೂಡ್ರೈವರ್, ಕೆಸರು ಮೆತ್ತಿದ ಸರಪಣಿ, ಹಗ್ಗ, ಆಯಿಲ್ ಡಬ್ಬಿ. ಅರೆಮಲೆನಾಡಿನ ಜೀಪಿನಲ್ಲಿ ಇವು ಯಾವುವೂ ಅಲಂಕಾರಕ್ಕೆ ಇರುವಂಥವಲ್ಲ. ಮಳೆಗಾಲದಲ್ಲಿ ದಾರಿಗೆ ಅಡ್ಡ ಬಿದ್ದ ಕೊಂಬೆ ಕಡಿಯಬೇಕು, ತೋಟದ ಕೆಸರಲ್ಲಿ ಹೂತ ಚಕ್ರಕ್ಕೆ ಸರಪಣಿ ಸುತ್ತಬೇಕು, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಪಂಕ್ಚರ್ ಆದರೆ ಕೈಗೆ ಸಿಕ್ಕಿದ್ದರಲ್ಲೇ ಮುಗಿಸಿಕೊಂಡು ಬರಬೇಕು. ಸಾಮಾನು ಬೇಕೇ ಬೇಕು. ಅದಕ್ಕೊಂದು ಜಾಗ ಇದೆಯೋ ಇಲ್ಲವೋ ಎಂಬುದು ಮಾತ್ರ ಅಪಘಾತ ಆಗುವವರೆಗೆ ಯಾರ ತಲೆಗೂ ಹೋಗುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಜೀಪು ಓಡುವಾಗ ಒಳಗಿರುವ ಪ್ರತಿ ವಸ್ತುವೂ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಜೀಪು ಮರಕ್ಕೋ ಎದುರಿನ ಲಾರಿಗೋ ಹೊಡೆದು ನಿಂತರೆ, ಕಟ್ಟದೆ ಬಿಟ್ಟ ಜಾಕಿಗೆ ನಿಲ್ಲಲು ಕಾರಣವೇ ಇರುವುದಿಲ್ಲ; ಅದು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಗಂಟೆಗೆ 30 ಕಿ.ಮೀ. ವೇಗದ ಆ ಹೊಡೆತ ಸುಮಾರು ಮೂರೂವರೆ ಮೀಟರ್ ಎತ್ತರದಿಂದ, ಎಂದರೆ ಹೆಂಚಿನ ಮನೆಯ ಮಾಡಿನಿಂದ, ತಲೆ ಮೇಲೆ ಜಾಕು ಬಿದ್ದಂತೆ. 50 ಕಿ.ಮೀ. ವೇಗವಾದರೆ ಎತ್ತರ ಹತ್ತಿರ ಹತ್ತಿರ 10 ಮೀಟರ್. ಫಸಲಿಗೆ ಬಂದ ಅಡಿಕೆ ಮರದ ತಲೆಯಿಂದ ಬಿದ್ದ ಹಾಗೆ. 60 ಕಿ.ಮೀ.ಗೆ 14 ಮೀಟರ್ ದಾಟುತ್ತದೆ. ವೇಗ ದುಪ್ಪಟ್ಟಾದರೆ ಹೊಡೆತ ನಾಲ್ಕು ಪಟ್ಟಾಗುತ್ತದೆ. ಘಾಟಿಯಲ್ಲಿ ಯಾರು ಜೋರಾಗಿ ಓಡಿಸುತ್ತಾರೆ ಎನ್ನುವವರು ತರೀಕೆರೆಯಿಂದ ಬೀರೂರು, ಕಡೂರಿನ ಕಡೆ ಹೋಗುವ ಹೆದ್ದಾರಿಯಲ್ಲೂ ಅದೇ ಜೀಪು, ಅದೇ ಜಾಕು ಇರುತ್ತದೆ ಎಂಬುದನ್ನು ಮರೆತಿರುತ್ತಾರೆ.

ಇನ್ನೊಂದು ರೀತಿಯಲ್ಲೂ ಲೆಕ್ಕ ಹಾಕಬಹುದು. 50 ಕಿ.ಮೀ. ವೇಗದ ವಾಹನ ಮೂತಿ ನಜ್ಜುಗುಜ್ಜಾಗಿ ಅರ್ಧ ಮೀಟರ್ ಒಳಗೆ ನಿಂತಿತು ಎನ್ನಿ. ಆ ಕ್ಷಣದಲ್ಲಿ ಒಳಗಿನ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಜಗ್ಗುತ್ತದೆ. ಐದು ಕಿಲೋದ ಜಾಕು ನೂರು ಕಿಲೋ ಆಗುತ್ತದೆ. ಕಾಡುದಾರಿ ಸವಾರರು ಮೆಚ್ಚುವ, ನಾಲ್ಕಡಿ ಉದ್ದದ ಹೈ-ಲಿಫ್ಟ್ ಜಾಕು ಸುಮಾರು 13 ಕಿಲೋ ತೂಗುತ್ತದೆ. ಅದು 260 ಕಿಲೋ ಆಗುತ್ತದೆ. ಹಗ್ಗ, ಕೊಕ್ಕೆ, ಬೋಲ್ಟು ತಡೆಯಬೇಕಾದ್ದು ಈ ಎರಡನೇ ತೂಕವನ್ನು. ಯುರೋಪಿನ ಸೀಟಿನ ನಿಯಮದಲ್ಲಿ ಇದಕ್ಕೆಂದೇ ಒಂದು ಪರೀಕ್ಷೆ ಇದೆ: ಹಿಂದಿನ ಸೀಟಿನ ಬೆನ್ನಿಗೆ ತಲಾ 18 ಕಿಲೋದ ಎರಡು ದಿಮ್ಮಿ ಇಟ್ಟು 50 ಕಿ.ಮೀ. ವೇಗದ ಡಿಕ್ಕಿಯನ್ನು ಅನುಕರಿಸಿ, ಸೀಟು ತಡೆಯುತ್ತದೆಯೇ ನೋಡುತ್ತಾರೆ. ಹಿಂದೆ ಉದ್ದಕ್ಕೆ ಎರಡು ಬೆಂಚು ಹಾಕಿದ ಜೀಪಿನಲ್ಲಿ ತಡೆಯುವುದಕ್ಕೆ ಸೀಟಿನ ಬೆನ್ನೇ ಇಲ್ಲ. ಜಾಕಿಗೂ ಚಾಲಕನ ಬೆನ್ನಿಗೂ ನಡುವೆ ಇರುವುದು ಪ್ರಯಾಣಿಕರ ಕಾಲುಗಳು.

ಡಿಕ್ಕಿಯಂಥ ದೊಡ್ಡ ಅನಾಹುತದವರೆಗೆ ಹೋಗುವುದೇ ಬೇಡ. ಇಳಿಜಾರು ಸಾಕು. ಬಣ್ಣ ಬಳಿದ ತಗಡಿನ ಮೇಲೆ ಉಕ್ಕಿನ ಸಾಮಾನು ಹದಿನೈದು ಡಿಗ್ರಿಯ ಆಸುಪಾಸಿನ ಇಳುಕಲಿಗೇ ಜಾರಲು ಶುರು ಮಾಡುತ್ತದೆ. ಎಣ್ಣೆ, ಕೆಸರು ಇದ್ದರೆ ಇನ್ನೂ ಬೇಗ. ಬ್ರೇಕ್ ಜೋರಾಗಿ ಒತ್ತಿದರೆ ಸಮತಟ್ಟಿನಲ್ಲೂ ಜಾರುತ್ತದೆ. ಸ್ಕ್ರೂಡ್ರೈವರ್‌ನಂತಹ ಉರುಟು ಹಿಡಿಯ ಸಾಮಾನಿಗೆ ಜಾರುವ ಕಷ್ಟವೂ ಇಲ್ಲ, ಉರುಳಿದರಾಯಿತು. ಅದೇ ಏರಿನ ಮೇಲಿರುವ ಕೆಮ್ಮಣ್ಣುಗುಂಡಿಯಿಂದ ಇಳಿಯುವಾಗ ಎಲ್ಲವೂ ಹರಿಯುವ ದಿಕ್ಕು ಒಂದೇ: ಮುಂದಕ್ಕೆ, ಕೆಳಕ್ಕೆ, ಚಾಲಕನ ಪಾದದ ಬುಡಕ್ಕೆ. ಅಲ್ಲಿರುವುದು ಬ್ರೇಕ್ ಪೆಡಲ್. 14-15 ಮಿ.ಮೀ. ಅಳತೆಯ ಒಂದು ಪಾನ ಪೆಡಲ್ಲಿಗೂ ನೆಲಕ್ಕೂ ನಡುವೆ ಸಿಕ್ಕಿಕೊಂಡರೆ ಆ ಪೆಡಲ್ ಪೂರ್ತಿ ಕೆಳಗಿಳಿಯುವುದಿಲ್ಲ. ಅದನ್ನು ಕಾಲಲ್ಲಿ ತಳ್ಳಲು ಚಾಲಕ ಬಗ್ಗಿ ನೋಡಿದ ಆ ಎರಡು ಸೆಕೆಂಡಿನಲ್ಲಿ, 30 ಕಿ.ಮೀ. ವೇಗದಲ್ಲೂ, ಜೀಪು 16 ಮೀಟರಿಗೂ ಹೆಚ್ಚು ಹೋಗಿರುತ್ತದೆ. ಈ ರಸ್ತೆಯಲ್ಲಿ 16 ಮೀಟರ್ ಎಂದರೆ ಒಂದು ಪೂರ್ತಿ ತಿರುವು.

ಜೀಪು ಮಾಡಿದವರು ಇದನ್ನು ಮರೆತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಮಾಡಿದ ಆ ಪುಟ್ಟ ಗಾಡಿಯ ಅಚ್ಚಿನಿಂದ ಅಚ್ಚಿಗೆ ಇರುವ ಅಂತರ ಬರೀ 80 ಇಂಚು. ಅಷ್ಟು ಇಕ್ಕಟ್ಟಿನಲ್ಲೂ ಹಿಂಬದಿಯ ಎರಡು ಮೂಲೆಗಳಲ್ಲಿ, ಚಕ್ರದ ಗೂಡಿಗೆ ಹೊಂದಿಕೊಂಡು, ಮುಚ್ಚಳವಿರುವ ಎರಡು ಸಾಮಾನಿನ ಗೂಡು ಮಾಡಿದ್ದರು. ಸಲಿಕೆ, ಕೊಡಲಿಗೆ ಚಾಲಕನ ಬದಿಯ ಹೊರಮೈಯಲ್ಲಿ ಪಟ್ಟಿ, ಕೊಕ್ಕೆ. ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಅಡಿಗಿತ್ತು. ಯುದ್ಧ ಮುಗಿದ ಮೇಲೆ ರೈತರಿಗೆಂದು ಬಂದ ಮಾದರಿಗಳಲ್ಲಿ ಪಕ್ಕದ ಸೀಟಿನ ಅಡಿಗೆ ಸಾಮಾನಿನ ಪೆಟ್ಟಿಗೆ ಬಂತು. ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ಜೋಡಿಸಿ, ಆಮೇಲೆ ಇಲ್ಲೇ ತಯಾರಿಸಿ, ದಶಕಗಟ್ಟಲೆ ಮಲೆನಾಡಿನ ತೋಟಗಳಿಗೆ ಕಳಿಸಿದ್ದು ಆ ವಂಶದ ಗಾಡಿಗಳನ್ನೇ. ಸೀಟು ಬದಲಾಯಿಸುವಾಗ, ಪ್ಯಾಚ್ ಹಾಕುವಾಗ, ಹತ್ತು ಜನ ಕೂರಲೆಂದು ಬೆಂಚು ಕೂಡಿಸುವಾಗ ಆ ಪೆಟ್ಟಿಗೆ ಗರಗಸಕ್ಕೆ ತುತ್ತಾಯಿತು. ಪೆಟ್ಟಿಗೆ ಹೋಯಿತು, ಸಾಮಾನು ಉಳಿಯಿತು.

ಜೀಪಿಗಿಂತ ಹಿಂದಿನ ಗಾಡಿಯನ್ನೂ ಒಮ್ಮೆ ನೋಡಬೇಕು. ಅಜ್ಜಂಪುರದಲ್ಲಿ ಇಂದಿಗೂ ತಳಿ ಸಂವರ್ಧನಾ ಕೇಂದ್ರವಿರುವ ಅಮೃತಮಹಲ್ ರಾಸುಗಳು ಮೈಸೂರು ಅರಸರು, ಹೈದರ್, ಟಿಪ್ಪು ಇವರ ಕಾಲದಲ್ಲಿ ತೋಪು ಮತ್ತು ದಂಡಿನ ಸಾಮಾನು ಎಳೆದು ಹೆಸರು ಮಾಡಿದವು. ರಸ್ತೆಯೇ ಇಲ್ಲದ ಕಡೆ ಹೋಗುವುದೇ ಅವುಗಳ ಕೆಲಸವಾಗಿತ್ತು. ಊರಿನ ಎತ್ತಿನಗಾಡಿಯಲ್ಲೂ ಸಾಮಾನಿಗೆ ಜಾಗ ಗೊತ್ತಿತ್ತು. ಕೀಲೆಣ್ಣೆಯ ಗೊಟ್ಟ ಗಾಡಿಯ ಅಡಿಗೆ ನೇತಾಡುತ್ತಿತ್ತು. ಕತ್ತಲಲ್ಲಿ ಅಚ್ಚು ಕಿರುಗುಟ್ಟಿದರೆ ಲಾಟೀನು ಹುಡುಕದೆ ಕೈ ನೇರ ಅಲ್ಲಿಗೇ ಹೋಗುತ್ತಿತ್ತು. ಹೆಚ್ಚುವರಿ ಕಡಾಣಿ, ಹಗ್ಗ, ಎತ್ತಿನ ಮೇವು ಎಲ್ಲಕ್ಕೂ ಒಂದೊಂದು ಗೂಟ, ಒಂದೊಂದು ಜೋಳಿಗೆ. ಗಂಟೆಗೆ ನಾಲ್ಕು ಕಿಲೋಮೀಟರ್ ಹೋಗುವ ಗಾಡಿಗೇ ಇಷ್ಟು ಶಿಸ್ತಿತ್ತು.

ಈಗ ಜೀಪಿನವರು ಮಾಡಬಹುದಾದ್ದು ಏನು? ದುಡ್ಡಿದ್ದವರಿಗೆ ಬೆಂಗಳೂರಿನ ಅಂಗಡಿಗಳಲ್ಲಿ ಅಲ್ಯುಮಿನಿಯಂ ಡ್ರಾಯರು, ಬೀಗದ ಪೆಟ್ಟಿಗೆ ಎಲ್ಲ ಸಿಗುತ್ತವೆ. ತರೀಕೆರೆಯ ವೆಲ್ಡಿಂಗ್ ಶಾಪು, ಒಬ್ಬ ಟೈಲರು, ಒಂದು ಪಂಕ್ಚರ್ ಅಂಗಡಿ ಇಷ್ಟಿದ್ದರೂ ಕೆಲಸ ನಡೆಯುತ್ತದೆ.

ಮೊದಲನೆಯದು ಪಾನಗಳ ಸುರುಳಿ. ಹಳೇ ಟಾರ್ಪಾಲಿನ ತುಂಡಿಗೆ ಸಾಲಾಗಿ ಕಿಸೆ ಹೊಲಿಸಿದರೆ 6-7ರಿಂದ 20-22ರವರೆಗಿನ ಎಂಟು ಪಾನಗಳ ಸೆಟ್ಟು ಅದರಲ್ಲಿ ಕೂರುತ್ತದೆ. ಸುತ್ತಿ ಕಟ್ಟಿದರೆ ಒಂದಕ್ಕೊಂದು ತಾಗುವುದಿಲ್ಲ, ಸದ್ದೂ ಇಲ್ಲ, ಸೀಟಿನ ಸಂದಿಗೆ ತುರುಕಬಹುದು. ಸುರುಳಿಗೆ ಇನ್ನೊಂದು ಗುಣವಿದೆ: ಬಿಚ್ಚಿದ ತಕ್ಷಣ ಖಾಲಿ ಕಿಸೆ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. 12-13 ಎಲ್ಲಿ ಹೋಯಿತು ಎಂಬ ಪ್ರಶ್ನೆ ಕೆಲಸ ಮುಗಿದ ಜಾಗದಲ್ಲೇ ಏಳುತ್ತದೆ. ಮನೆ ಮುಟ್ಟಿದ ಮೇಲಲ್ಲ, ಇಂಜಿನ್ನಿನ ಮೇಲೆ ಮರೆತ ಪಾನ ಫ್ಯಾನಿಗೆ ಬಿದ್ದ ಮೇಲಂತೂ ಅಲ್ಲ. ಹಳೇ ಜೀಪಿಟ್ಟುಕೊಂಡವರು ಎರಡು ಸುರುಳಿ ಮಾಡಿಸುವುದು ವಾಸಿ. ವಿಲ್ಲಿಸ್ ವಂಶದ ಗಾಡಿಗಳ ಬಹಳಷ್ಟು ನಟ್ಟುಗಳು ಇಂಚಿನ ಅಳತೆಯವು. ಒಂಬತ್ತು-ಹದಿನಾರಾಂಶ ಇಂಚಿನ ನಟ್ಟು ಎಂದರೆ 14.3 ಮಿ.ಮೀ. ಅದಕ್ಕೆ 14ರ ಪಾನ ಹತ್ತುವುದಿಲ್ಲ, 15ರ ಪಾನ ಜಾರಿ ಮೂಲೆ ತಿನ್ನುತ್ತದೆ. ಇಂಚಿನದಕ್ಕೆ ಕೆಂಪು ದಾರ, ಮಿಲಿಮೀಟರಿನದಕ್ಕೆ ಬಿಳಿ ದಾರ ಕಟ್ಟಿಟ್ಟರೆ ಮಳೆಯಲ್ಲಿ ತಡಕಾಡುವುದು ತಪ್ಪುತ್ತದೆ.

ಎರಡನೆಯದು ಭಾರ. ಜಾಕು, ಸರಪಣಿ, ಹಾರೆ ಇವು ಆದಷ್ಟು ಕೆಳಗೆ, ಆದಷ್ಟು ಎರಡು ಅಚ್ಚುಗಳ ನಡುವೆ ಇರಬೇಕು. ಹಿಂದಿನ ಅಚ್ಚಿನ ಆಚೆ ಇಟ್ಟ ಭಾರ ಸನ್ನೆಗೋಲಿನ ಹಾಗೆ ಮೂತಿಯನ್ನು ಎತ್ತುತ್ತದೆ. 80 ಇಂಚಿನ ಗಾಡಿಯಲ್ಲಿ ಇದು ಬೇಗ ಗೊತ್ತಾಗುತ್ತದೆ: ಕೆಸರಿನ ಏರಿನಲ್ಲಿ ಸ್ಟೇರಿಂಗ್ ತಿರುಗುತ್ತದೆ, ಜೀಪು ತಿರುಗುವುದಿಲ್ಲ. ಚಾವಣಿಯ ಕ್ಯಾರಿಯರಿಗೆ ಭಾರ ಏರಿಸಿದರಂತೂ ಅಡ್ಡ ಇಳಿಜಾರಿನಲ್ಲಿ ಮಗುಚುವ ಅಪಾಯ ತಾನಾಗಿ ಹೆಚ್ಚುತ್ತದೆ. ಮೇಲೆ ಹಗುರದ್ದು ಮಾತ್ರ.

ಕಟ್ಟುವುದರಲ್ಲೂ ವಿವೇಚನೆ ಬೇಕು. ಲಗೇಜಿಗೆ ಬಿಗಿಯುವ ರಬ್ಬರಿನ ಕೊಕ್ಕೆಹಗ್ಗ ಜಾಕಿಗೆ ಆಗುವುದಿಲ್ಲ. ಹಿಗ್ಗುವುದೇ ಅದರ ಗುಣ. ಡಿಕ್ಕಿಯಲ್ಲಿ ಹಿಗ್ಗಿ ಬಿಡುತ್ತದೆ, ಇಲ್ಲವೇ ಕೊಕ್ಕೆ ಕಿತ್ತುಬಂದು ಅದೇ ಒಂದು ಕವಣೆಕಲ್ಲಾಗುತ್ತದೆ. ಲಾರಿಯವರು ಬಳಸುವ ರ‍್ಯಾಚೆಟ್ ಪಟ್ಟಿ ಒಳ್ಳೆಯದು. ಪಟ್ಟಿ ಗಟ್ಟಿಯಿದ್ದು ಅದನ್ನು ಸಿಕ್ಕಿಸಿದ ಜಾಗ ತೆಳು ತಗಡಾಗಿದ್ದರೆ ಪ್ರಯೋಜನವಿಲ್ಲ. ನೆಲದ ತಗಡಿಗೆ ತೂತು ಹೊಡೆದು ಕಣ್ಣುಬೋಲ್ಟು ಹಾಕುವಾಗ ಅಡಿಗೆ ಅಂಗೈಯಗಲದ ದಪ್ಪ ವಾಷರ್ ಪಟ್ಟಿ ಕೊಡಬೇಕು, ಸಾಧ್ಯವಾದರೆ ಬೋಲ್ಟು ಚಾಸಿಗೇ ಸೇರಬೇಕು. ತೂತು ಹೊಡೆಯುವ ಮುಂಚೆ ಬಗ್ಗಿ ನೋಡಬೇಕು. ಬ್ರೇಕ್ ಪೈಪು, ಡೀಸೆಲ್ ಪೈಪು, ವೈರು ಹೋಗುವುದು ಅದೇ ನೆಲದ ಅಡಿಗೆ. ಪಂಕ್ಚರ್ ಅಂಗಡಿಯ ಹಳೇ ಟ್ಯೂಬಿನಿಂದ ಕತ್ತರಿಸಿದ ಪಟ್ಟಿಗಳು ಇಲ್ಲಿ ಒದಗುತ್ತವೆ, ಆದರೆ ಹಗ್ಗವಾಗಿ ಅಲ್ಲ, ಮೆತ್ತೆಯಾಗಿ: ಜಾಕಿನ ಅಡಿಗೆ ಹಾಸಲು, ಹಾರೆಗೆ ಸುತ್ತಲು, ಪೆಟ್ಟಿಗೆಯ ಮುಚ್ಚಳದ ಅಂಚಿಗೆ ಅಂಟಿಸಲು.

ಮಳೆ ಬೇರೆಯೇ ಲೆಕ್ಕ. ಮಲೆನಾಡಿನವರಿಗೆ ಕೈಗೆ ಮೊದಲು ಸಿಗುವುದು ಗೋಣಿಚೀಲ. ಒಣಗಿದ್ದಾಗ ಅದಕ್ಕಿಂತ ಒಳ್ಳೆಯ ಮೆತ್ತೆ ಇಲ್ಲ. ಒದ್ದೆಯಾದರೆ ಅದೇ ನೀರನ್ನು ಹಿಡಿದು ದಿನಗಟ್ಟಲೆ ಕಬ್ಬಿಣಕ್ಕೆ ಒತ್ತಿ ಇಟ್ಟುಕೊಳ್ಳುತ್ತದೆ. ತುಕ್ಕಿಗೆ ಬೇಕಾದ್ದು ನೀರು ಮತ್ತು ಗಾಳಿ, ಗೋಣಿ ಎರಡನ್ನೂ ಒದಗಿಸುತ್ತದೆ. ಜೂನ್‌ನಲ್ಲಿ ಸುತ್ತಿಟ್ಟ ಜಾಕನ್ನು ಆಗಸ್ಟ್‌ನಲ್ಲಿ ಬಿಚ್ಚಿದರೆ ಸ್ಕ್ರೂ ತಿರುಗದೆ ಹೋಗುವುದು ಹೀಗೆ. ಮಳೆಗಾಲಕ್ಕೆ ಪಾನಗಳನ್ನು ಹಳೇ ಇಂಜಿನ್ ಆಯಿಲ್ಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ ಇಡಬೇಕು, ಪೆಟ್ಟಿಗೆಯ ತಳಕ್ಕೆ ಎರಡು ಮೂರು ತೂತು ಇರಬೇಕು. ನೀರು ಒಳಗೆ ಬರುವುದನ್ನು ಯಾವ ಜೀಪಿನಲ್ಲೂ ಪೂರ್ತಿ ತಡೆಯಲಾಗದು, ಹೊರಗೆ ಹೋಗಲು ದಾರಿ ಬಿಡಬಹುದು. ಚಕ್ರದ ಸರಪಣಿಯನ್ನು ಕೆಸರು ತೊಳೆಯದೆ ಮಡಿಸಿ ಎಸೆಯುವ ಅಭ್ಯಾಸವೂ ಹೋಗಬೇಕು. ನೈಲಾನ್ ಎಳೆಪಟ್ಟಿಯನ್ನಂತೂ ಆ ಸರಪಣಿಯ ಜತೆ ಒಂದೇ ಚೀಲಕ್ಕೆ ಹಾಕಲೇಬಾರದು. ಸರಪಣಿಯ ಕೊಂಡಿ ದಾರಿಯುದ್ದಕ್ಕೂ ಪಟ್ಟಿಯ ಎಳೆಯನ್ನು ಗರಗಸದಂತೆ ಕೊಯ್ಯುತ್ತಿರುತ್ತದೆ. ಅದು ಗೊತ್ತಾಗುವುದು ಹೂತ ಜೀಪನ್ನು ಎಳೆಯುವಾಗ ಪಟ್ಟಿ ಛಟ್ಟೆಂದು ಹರಿದ ದಿನ.

ಅದೇ ಜೀಪು ಕಡೂರು, ಅಜ್ಜಂಪುರದ ಬಯಲಿಗೆ ಇಳಿದರೆ ಶತ್ರು ಬದಲಾಗುತ್ತದೆ. ಅಲ್ಲಿ ನೀರಲ್ಲ, ಧೂಳು ಮತ್ತು ಬಿಸಿಲು. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಗಳ ಮೇಲೆ 50 ಡಿಗ್ರಿ ದಾಟಬಾರದೆಂಬ ಎಚ್ಚರಿಕೆ ಅಚ್ಚಾಗಿರುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಜು ಏರಿಸಿ ನಿಲ್ಲಿಸಿದ ವಾಹನದ ಡ್ಯಾಶ್‌ಬೋರ್ಡು ಅದನ್ನು ಸಲೀಸಾಗಿ ದಾಟುತ್ತದೆ. ಬ್ಯಾಟರಿ ಕತ್ತರಿ, ಬ್ಯಾಟರಿ ಸ್ಪ್ರೇಯರುಗಳ ಲಿಥಿಯಂ ಸೆಲ್ಲುಗಳಿಗೂ ಆ ಜಾಗ ಆಗದು. ಎರಡಕ್ಕೂ ಸೀಟಿನ ಅಡಿಯ ನೆರಳೇ ಸರಿ.

ಹರಿತದ ಸಾಮಾನಿಗೆ ಒರೆ ಬೇಕು. ಮಚ್ಚಿಗೆ ಅಡಿಕೆ ಹಾಳೆಯ ಒರೆಯೂ ನಡೆಯುತ್ತದೆ, ಟೈರಿನ ತುಂಡೂ ನಡೆಯುತ್ತದೆ. ಚೈನ್‌ಸಾಗೆ ಬಾರಿನ ಕವಚ ಕಳೆಯದೆ ಇಟ್ಟುಕೊಳ್ಳಬೇಕು. ಅದರ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಅಡ್ಡ ಮಲಗಿಸುವುದು ದೊಡ್ಡ ತಪ್ಪು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ಮೇಲೇರಿ ಹೋಗದೆ ಜೀಪಿನ ತಳದಲ್ಲೇ ಮಡುಗಟ್ಟುತ್ತದೆ. ಅಲ್ಲೇ ಎರಡು ಉಕ್ಕಿನ ಸಾಮಾನು ತಾಗಾಡುತ್ತಿದ್ದರೆ ಕಿಡಿಗೆ ಬೇರೆ ಹುಡುಕಬೇಕಿಲ್ಲ. ಬ್ಯಾಟರಿಯ ಮೇಲೆ ಪಾನ ಇಡುವ ಚಾಳಿಯೂ ಹೀಗೆಯೇ. ಎರಡು ಟರ್ಮಿನಲ್ಲಿಗೆ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಪಾನವೇ ಕೆಂಪಗೆ ಕಾಯುತ್ತದೆ. ಬೆಂಕಿ ಆರಿಸುವ ಸಿಲಿಂಡರನ್ನು ಮಾತ್ರ ಸಾಮಾನಿನ ಜತೆ ಸೇರಿಸದೆ, ಚಾಲಕ ಕೂತಲ್ಲಿಂದಲೇ ಕೈಗೆ ಎಟಕುವಂತೆ ಬಿಗಿಯಬೇಕು.

ಈ ಸೀಮೆಗೇ ವಿಶೇಷವಾದ ಇನ್ನೊಂದು ಸಾಮಾನಿದೆ: ದೋಟಿ. ಅಡಿಕೆ ಕೊಯ್ಲಿಗೆ, ಔಷಧಿ ಹೊಡೆಯಲಿಕ್ಕೆ ಈಗ ಕಾರ್ಬನ್ ಫೈಬರ್ ದೋಟಿಗಳು ತೋಟದಿಂದ ತೋಟಕ್ಕೆ ಜೀಪಿನಲ್ಲೇ ಓಡಾಡುತ್ತವೆ. ಮಡಿಸಿದರೂ ಅವು ಜೀಪಿಗಿಂತ ಉದ್ದ ಉಳಿಯುವುದುಂಟು. ಹಿಂದಕ್ಕೆ ಚಾಚಿಕೊಂಡ ತುದಿ ಬೈಕಿನವರ ಮುಖದ ಮಟ್ಟಕ್ಕೆ ಬರುತ್ತದೆ. ಮಿತಿ ಮೀರಿ ಹೊರಚಾಚುವ ಸರಕಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಇಟ್ಟಿರುವ ದಂಡ 20,000 ರೂಪಾಯಿ. ಒಳಗಿನ ತುಂಡುಗಳು ಜಾರಿ ಹೊರಬರದಂತೆ ಎರಡೂ ತುದಿ ಕಟ್ಟಬೇಕು. ಕಾರ್ಬನ್ ಫೈಬರ್ ಕೂಡ ಅಲ್ಯುಮಿನಿಯಂನಂತೆ ವಿದ್ಯುತ್ ಹರಿಸುತ್ತದೆ, ಹಾಗಾಗಿ ಇಳಿಸುವ ಮುನ್ನ ತಲೆಯೆತ್ತಿ ತಂತಿ ನೋಡಬೇಕು.

ಇನ್ನು ಲಕ್ಕವಳ್ಳಿಯ ಗೇಟು. ಭದ್ರಾ ಅಭಯಾರಣ್ಯದೊಳಗೆ ಹೋಗುವ ಜೀಪಿನಲ್ಲಿ ಮಚ್ಚು ಇದ್ದರೆ ಅದು ಬರೀ ಸಾಮಾನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಎಂಬ ಮಾತಿನ ವ್ಯಾಪ್ತಿಗೆ ಬಂದೂಕಿನ ಜತೆ ಚೂರಿ, ಬಲೆ, ಉರುಳು, ಪ್ರಾಣಿಗೆ ಗಾಯ ಮಾಡಬಲ್ಲ ಸಲಕರಣೆ ಎಲ್ಲವೂ ಬರುತ್ತವೆ. ಮುಖ್ಯ ವನ್ಯಜೀವಿ ಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಅವನ್ನು ಅಭಯಾರಣ್ಯದೊಳಗೆ ಒಯ್ಯುವಂತಿಲ್ಲ. ತೋಟದಿಂದ ನೇರ ಕಾಡು ನೋಡಲು ಹೊರಟವರು ಸೀಟಿನಡಿಯ ಮಚ್ಚನ್ನು ಮನೆಯಲ್ಲೇ ಇಳಿಸಿ ಹೋಗುವುದು ಕ್ಷೇಮ. ಸಾಮಾನಿಗೆ ಗೊತ್ತಾದ ಜಾಗ ಇರುವ ಜೀಪಿನಲ್ಲಿ ಇದಕ್ಕೆ ಒಂದು ನಿಮಿಷ ಸಾಕು. ಉಳಿದವರು ಗೇಟಿನಲ್ಲಿ ತಮ್ಮ ಜೀಪಿನಲ್ಲಿ ಏನೇನಿದೆ ಎಂಬುದನ್ನು ಸಿಬ್ಬಂದಿಯ ಜತೆಗೇ ಕಂಡುಕೊಳ್ಳುತ್ತಾರೆ.

ಜೋಡಿಸುವಾಗ ಕೊನೆಗೆ ಯೋಚಿಸಬೇಕಾದ್ದು ತೆಗೆಯುವ ಸರದಿ. ಕೆಸರಲ್ಲಿ ಹೂತಾಗ ಮೊದಲು ಬೇಕಾಗುವುದು ಸಲಿಕೆ. ಅದು ಐದು ಜನರ ಬ್ಯಾಗು, ಸ್ಟೌವು, ನೀರಿನ ಕ್ಯಾನುಗಳ ಅಡಿಗಿದ್ದರೆ ಆ ಐದೂ ಬ್ಯಾಗು ಕೆಸರಿಗಿಳಿಯುತ್ತವೆ. ಜೀಪು ಧರೆಗೆ ಒರಗಿ ನಿಂತು ಒಂದು ಬದಿಯ ಬಾಗಿಲು ತೆರೆಯದೆ ಹೋದರೂ ಜಾಕು ಕೈಗೆ ಸಿಗಬೇಕು. ವಿಲ್ಲಿಸ್‌ನವರು ಸಲಿಕೆಯನ್ನು ಹೊರಗೆ ತೂಗುಹಾಕಿದ್ದರಲ್ಲಿ ಈ ಲೆಕ್ಕವೂ ಇದ್ದೀತು.

ಇಷ್ಟೆಲ್ಲ ಮಾಡಿಸಿದ ಮೇಲೆ ಜೀಪು ಮತ್ತೆ ಕಲ್ಲತ್ತಿಗಿರಿಯ ಏರು ಹತ್ತಿದಾಗ ಚಾಲಕನಿಗೆ ಒಂದು ಮುಜುಗರ ಕಾದಿರುತ್ತದೆ. ಗಡಗಡ ನಿಂತಿರುತ್ತದೆ, ಅದರ ಅಡಿಗೆ ಇಷ್ಟು ದಿನ ಅಡಗಿದ್ದ ಸದ್ದುಗಳು ಒಂದೊಂದಾಗಿ ಹೊರಬರುತ್ತವೆ. ಗೇರು ಬದಲಿಸುವಾಗ ಕೇಳುವ ಠಕ್ ಎಂಬ ಒಂಟಿ ಪೆಟ್ಟು ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿನದು. ಹಳ್ಳಕ್ಕೆ ಇಳಿದಾಗಲೆಲ್ಲ ಎಡ ಹಿಂಬದಿಯಿಂದ ಬರುವ ಕಿರುಗು ಸವೆದ ಸ್ಪ್ರಿಂಗ್ ಬುಷ್ಷಿನದು. ಎರಡೂ ನಿನ್ನೆ ಮೊನ್ನೆ ಹುಟ್ಟಿದವಲ್ಲ. ಜಾಕು ಸುಮ್ಮನಿದ್ದ ಮೊದಲ ದಿನ ಕೇಳಿಸಿದವು, ಅಷ್ಟೇ. ಕೆಮ್ಮಣ್ಣುಗುಂಡಿಯಲ್ಲಿ ಜೀಪು ನಿಲ್ಲಿಸಿ, ಪಕ್ಕದ ಸೀಟು ಎತ್ತಿ, ಕೆಂಪು ದಾರದ ಸುರುಳಿ ಬಿಚ್ಚಿ, ಚಾಲಕ ಅಂಗಾತ ಮಲಗಿ ಜೀಪಿನಡಿಗೆ ತೂರುತ್ತಾನೆ. ಹುಡುಕುವ ಕೆಲಸವಿಲ್ಲ. ಕೈ ಹೊರಚಾಚಿ ಒಂಬತ್ತು-ಹದಿನಾರನ್ನು ಕೊಡಿ ಎನ್ನುತ್ತಾನೆ, ಪಕ್ಕದಲ್ಲಿ ನಿಂತವರು ಕೊಡುತ್ತಾರೆ.